ಹಿಮವಿಲ್ಲದ ಬೆಟ್ಟದ ಚಳಿಗಾಲದ ಬೇಟೆ: ಚಿತ್ರದುರ್ಗದಲ್ಲಿ ಕಾನೂನು ಯಾರನ್ನು ಹಿಡಿಯುತ್ತೆ?

ಬೆಟ್ಟದಲ್ಲಿ ಚಳಿಗಾಲದ ಬೇಟೆ ಅಂತ ಗೂಗಲ್ ಮಾಡಿದರೆ ಹಿಮದಲ್ಲಿ ರೈಫಲ್ ಹಿಡಿದು ನಿಂತವರ ಫೋಟೊಗಳೇ ಸಾಲಾಗಿ ಬರುತ್ತವೆ. ನಮ್ಮ ಜೋಗಿಮಟ್ಟಿಯಲ್ಲಿ ಹಿಮ ಬೀಳಲ್ಲ. ಆದರೆ ಡಿಸೆಂಬರ್, ಜನವರಿಯ ಬೆಳಗಿನ ಹೊತ್ತು ಮಂಜು ಕವಿದು, ಗಾಳಿ ಕಿವಿ ಕೊರೆಯುವಾಗ ಅಲ್ಲಿ ನಿಂತವರಿಗೆ ಬಯಲುಸೀಮೆಯ ಚಳಿ ಅಂದರೆ ಏನು ಅಂತ ಗೊತ್ತಾಗುತ್ತೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಕುರುಚಲು ಗುಡ್ಡಗಳಲ್ಲಿ ಬೇಟೆಗೆ ಅನುಕೂಲದ ಕಾಲವೂ ಇದೇ.

ಕಾರಣ ಸರಳ. ಹಿಮದ ನಾಡಿನಲ್ಲಿ ಬೇಟೆಗಾರ ಹೆಜ್ಜೆ ಗುರುತು ನೋಡಿಕೊಂಡು ಹೋಗ್ತಾನೆ. ಇಲ್ಲಿ ಆ ಕೆಲಸಕ್ಕೆ ಇಬ್ಬನಿ ಇದೆ. ತೇವದ ನೆಲದಲ್ಲಿ ವಾಸನೆ ಹೆಚ್ಚು ಹೊತ್ತು ನಿಲ್ಲುತ್ತೆ, ನಾಯಿಗೆ ಜಾಡು ಸಿಗುತ್ತೆ. ರಾಗಿ ಕೊಯ್ಲು ಮುಗಿದು ಹೊಲ ಬಯಲಾಗಿರುತ್ತೆ, ಮೊಲಕ್ಕೆ ಅಡಗಲು ಜಾಗ ಕಡಿಮೆ. ಹಿರಿಯೂರು ಕಡೆಯ ಎರೆ ಹೊಲದಲ್ಲಿ ಎಳೆ ಕಡಲೆ ಇರುತ್ತೆ, ಅದನ್ನು ಮೇಯಲು ಮೊಲ, ಹಂದಿ ಎಲ್ಲವೂ ಇಳಿಯುತ್ತವೆ. ರಾತ್ರಿಯೂ ದೀರ್ಘ.

ಈ ನೆಲಕ್ಕೆ ಬೇಟೆ ಹೊಸದಲ್ಲ. 1779ರಲ್ಲಿ ಹೈದರಾಲಿಯ ಕೈಗೆ ದುರ್ಗ ಹೋಗುವ ತನಕ ಆಳಿದ ಪಾಳೆಯಗಾರರು ಬೇಡರು. ಬೇಡ ಅನ್ನುವ ಹೆಸರೇ ಬೇಟೆಯ ಮಗ್ಗುಲಲ್ಲಿದೆ. ಮ್ಯಾಸಬೇಡರು ದನ ಕಾಯುತ್ತಾ, ಬೇಟೆಯಾಡುತ್ತಾ ಇದೇ ಗುಡ್ಡಗಳಲ್ಲಿ ಬದುಕಿದವರು. ಬಲೆ ಕಟ್ಟಿ, ಒಂದು ಕಡೆಯಿಂದ ಊರವರೆಲ್ಲ ಸೋವಿಕೊಂಡು ಬರುವುದು ಹಳೆಯ ಪದ್ಧತಿ. ಸಂಕ್ರಾಂತಿಗೆ ಜೀವಂತ ಮೊಲ ಹಿಡಿದು ತಂದು, ದೇವರ ಮುಂದೆ ಪೂಜೆ ಮಾಡಿ, ಮತ್ತೆ ಕಾಡಿಗೆ ಬಿಡುವ ಆಚರಣೆಯೂ ಹೊಸದುರ್ಗ ಸೀಮೆಯಲ್ಲಿದೆ.

ಈಗ ಕಾನೂನಿಗೆ ಬರೋಣ. ವನ್ಯಜೀವಿ (ಸಂರಕ್ಷಣಾ) ಕಾಯ್ದೆ ಬಂದದ್ದು 1972ರಲ್ಲಿ. ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ ಏನಂದರೆ, ಆ ಕಾಯ್ದೆ ಶುರುವಿನಲ್ಲಿ ಬೇಟೆಯನ್ನು ಪೂರ್ತಿ ನಿಲ್ಲಿಸಲಿಲ್ಲ. ಲೈಸೆನ್ಸ್ ಇತ್ತು. ಮೊಲ 'ಸಣ್ಣ ಬೇಟೆ'ಯ ಪಟ್ಟಿಯಲ್ಲಿತ್ತು. 1991ರ ತಿದ್ದುಪಡಿ ಆ ಬಾಗಿಲು ಮುಚ್ಚಿತು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು ಆರು ಅನುಸೂಚಿಗಳನ್ನು ನಾಲ್ಕಕ್ಕೆ ಇಳಿಸಿತು. ಈಗ ಚಿರತೆ, ಕರಡಿ, ಕೊಂಡುಕುರಿ, ನವಿಲು, ಉಡ ಒಂದನೇ ಅನುಸೂಚಿಯಲ್ಲಿವೆ. ಮೊಲ, ಕಾಡುಹಂದಿ ಎರಡನೆಯದರಲ್ಲಿವೆ.

ಶಿಕ್ಷೆ? ಸಾಮಾನ್ಯವಾಗಿ ಮೂರು ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಪ್ರಾಣಿ ಒಂದನೇ ಅನುಸೂಚಿಯದ್ದಾದರೆ, ಅಥವಾ ಬೇಟೆ ಅಭಯಾರಣ್ಯದೊಳಗೆ ನಡೆದಿದ್ದರೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಜೈಲು, ಜೊತೆಗೆ ಕನಿಷ್ಠ 25,000 ರೂಪಾಯಿ ದಂಡ. ಜೋಗಿಮಟ್ಟಿ 2015ರಲ್ಲಿ ವನ್ಯಜೀವಿ ಧಾಮವಾಯಿತು, ವಿಸ್ತೀರ್ಣ ಸುಮಾರು 100 ಚದರ ಕಿಲೋಮೀಟರ್. ಅದರ ಗಡಿಯ ಒಳಗೆ ಹಿಡಿದ ಮೊಲಕ್ಕೂ ಹೊರಗೆ ಹಿಡಿದ ಮೊಲಕ್ಕೂ ಶಿಕ್ಷೆ ಬೇರೆ ಬೇರೆ.

'ಬೇಟೆ' ಅಂದರೆ ಕೊಲ್ಲೋದು ಮಾತ್ರ ಅಂದುಕೊಂಡಿದ್ದರೆ ತಪ್ಪು. ಹಿಡಿಯುವುದು, ಬಲೆ ಹಾಕುವುದು, ಉರುಳು ಇಡುವುದು, ಅಟ್ಟಿಸುವುದು, ಇವುಗಳ ಪ್ರಯತ್ನ, ಎಲ್ಲವೂ ಆ ವ್ಯಾಖ್ಯಾನದಲ್ಲಿವೆ. ಅಂದರೆ ಪೂಜೆ ಮಾಡಿ ಬಿಟ್ಟ ಸಂಕ್ರಾಂತಿಯ ಮೊಲವೂ ಕಾಗದದ ಮೇಲೆ ಬೇಟೆಯೇ. 2006ರ ಅರಣ್ಯ ಹಕ್ಕು ಕಾಯ್ದೆ ಕಾಡಿನ ಜನರ ಸಾಂಪ್ರದಾಯಿಕ ಹಕ್ಕುಗಳನ್ನು ಒಪ್ಪಿಕೊಂಡಿತಲ್ಲ ಅಂತ ಕೇಳಬಹುದು. ಒಪ್ಪಿಕೊಂಡಿದೆ, ಆದರೆ ಬೇಟೆಯ ಹಕ್ಕನ್ನು ಅದೇ ವಾಕ್ಯದಲ್ಲಿ ಹೆಸರಿಟ್ಟು ಹೊರಗಿಟ್ಟಿದೆ.

ನಾನು ಬೇಟೆಯ ಪರ ಇಲ್ಲ. ಅದಕ್ಕೆ ಮುಖ್ಯ ಕಾರಣ ಉರುಳು. ಎಂಜಿನಿಯರಿಂಗ್ ಓದಿದ ತಲೆಗೆ ಅದರ ಕ್ರೂರತನ ಬೇಗ ಅರ್ಥವಾಗುತ್ತೆ. ಬೈಕಿನ ಕ್ಲಚ್ ವಯರ್, ಒಂದು ಜಾರುಗಂಟು, ಒಂದು ಗೂಟ, ಅಷ್ಟೇ. ಎಳೆದಷ್ಟೂ ಬಿಗಿಯುತ್ತೆ, ಸಡಿಲ ಆಗೋ ದಾರಿಯೇ ಇಲ್ಲ. ಯಾವ ಪ್ರಾಣಿ ಬಂತು ಅಂತ ನೋಡುವ ಕಣ್ಣೂ ಅದಕ್ಕಿಲ್ಲ. ಹಂದಿಗೆ ಇಟ್ಟದ್ದಕ್ಕೆ ಚಿರತೆ ಬೀಳುತ್ತೆ, ಕರಡಿ ಬೀಳುತ್ತೆ, ಪಕ್ಕದ ಮನೆಯ ಮೇಕೆಯೂ ಬೀಳುತ್ತೆ. ಬೇಲಿಗೆ ಕರೆಂಟ್ ಕೊಟ್ಟರಂತೂ ರಾತ್ರಿ ನೀರು ಕಟ್ಟಲು ಹೋದ ಮನುಷ್ಯನೇ ಸಾಯಬಹುದು. ಹೆಡ್‌ಲೈಟ್ ಹಾಕಿಕೊಂಡು, ಮೋಜಿಗೆ ಮೊಲ ಹೊಡೆದು ಸ್ಟೇಟಸ್ ಹಾಕುವವರ ಬಗ್ಗೆ ನನಗೆ ಒಂದಿಷ್ಟೂ ಕನಿಕರವಿಲ್ಲ.

ಆದರೆ ಒಂದೇ ರಾತ್ರಿಯಲ್ಲಿ ಶೇಂಗಾ, ಮೆಕ್ಕೆಜೋಳ ಹಂದಿ ಪಾಲಾದ ರೈತನ ಕಥೆ ಬೇರೆ. ಕಾಯ್ದೆಯಲ್ಲಿ ಅವನಿಗೂ ಒಂದು ದಾರಿ ಇದೆ: 11ನೇ ಸೆಕ್ಷನ್ ಪ್ರಕಾರ ಬೆಳೆಗೆ ಅಪಾಯವಾದ ಎರಡನೇ ಅನುಸೂಚಿಯ ಪ್ರಾಣಿಯನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಲಿಖಿತ ಅನುಮತಿ ಕೊಡಬಹುದು. 62ನೇ ಸೆಕ್ಷನ್ ಪ್ರಕಾರ ಕೇಂದ್ರ ಸರ್ಕಾರ ಒಂದು ಪ್ರದೇಶಕ್ಕೆ, ಒಂದು ಅವಧಿಗೆ ಪ್ರಾಣಿಯನ್ನು ಪೀಡಕ ಅಂತ ಘೋಷಿಸಬಹುದು; ಬಿಹಾರ, ಉತ್ತರಾಖಂಡದ ಕೆಲವು ಜಿಲ್ಲೆಗಳಲ್ಲಿ ಕಾಡುಹಂದಿಯನ್ನು ಹಾಗೆ ಘೋಷಿಸಿದ್ದೂ ಇದೆ. ಅರ್ಜಿ ಮೇಜಿನಿಂದ ಮೇಜಿಗೆ ಹೋಗುವಷ್ಟರಲ್ಲಿ ಹಂದಿ ಹೊಲ ಮುಗಿಸಿರುತ್ತೆ ಅನ್ನೋದು ಬೇರೆ ಮಾತು. ಬೆಳೆಹಾನಿಗೆ ಪರಿಹಾರ ಬೇಗ, ಮರ್ಯಾದೆಯಿಂದ ಕೈಗೆ ಬಂದರೆ ಉರುಳುಗಳು ತಾವಾಗಿಯೇ ಕಡಿಮೆಯಾಗುತ್ತವೆ ಎಂಬುದು ನನ್ನ ಅಂದಾಜು.

ಇನ್ನೊಂದು ಮಾತನ್ನೂ ಹೇಳಲೇಬೇಕು. ಇದೇ ಗುಡ್ಡಗಳ ನೆತ್ತಿಯ ಮೇಲೆ ಗಾಳಿಯಂತ್ರಗಳು ನಿಂತಿವೆ. ಭೀಮಸಮುದ್ರದ ಕಡೆ ಅದಿರಿನ ಲಾರಿಗಳು ಓಡಾಡುತ್ತವೆ. ಕಾಡಿನ ಜಾಗ ಬೇಕಾದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಅರ್ಜಿ ಹಾಕಿ ಕೇಂದ್ರದ ಅನುಮತಿ ಪಡೆಯಬಹುದು. ಮೊಲ ಹಿಡಿದವನಿಗೆ ಜೈಲು, ಮೊಲದ ಗುಡ್ಡವನ್ನೇ ತೆಗೆದವರಿಗೆ ಕಾಗದ. ಎರಡೂ ಕಾನೂನುಬದ್ಧ. ಬೇಟೆ ನಿಷೇಧ ಸರಿ ಅನ್ನುವ ನಾವು ಈ ಎರಡನೆಯದರ ಬಗ್ಗೆಯೂ ಅಷ್ಟೇ ಜೋರಾಗಿ ಕೇಳಬೇಕಲ್ವಾ?

ಸದ್ಯಕ್ಕೆ ಒಂದು ಉಪಯೋಗದ ವಿಷಯ. ಚಾರಣಕ್ಕೆ ಹೋದಾಗ ಉರುಳಿಗೆ ಸಿಕ್ಕ ಪ್ರಾಣಿ ಕಂಡರೆ ನೀವೇ ಬಿಡಿಸಲು ಹೋಗಬೇಡಿ. ನೋವಲ್ಲಿರುವ ಕರಡಿಗೆ ನಿಮ್ಮ ಒಳ್ಳೆಯತನ ಕಾಣಲ್ಲ. ದೂರ ನಿಂತು, ಜಾಗದ ಲೊಕೇಶನ್ ಉಳಿಸಿಕೊಂಡು, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.