ಅಜ್ಜಿಯ ಒಲೆಗೆ ಎಷ್ಟು ಸ್ಟಾರ್?

ಪಾವಗಡ ಅಂದ ತಕ್ಷಣ ನಮ್ಮ ನ್ಯೂಸ್ ರೂಮಿನಲ್ಲಿ ಒಂದೇ ದೃಶ್ಯ ಹಾಕ್ತೀವಿ. ಡ್ರೋನ್ ಶಾಟ್. ಕಣ್ಣು ಹಾಯಿಸಿದಷ್ಟೂ ಸೋಲಾರ್ ಫಲಕಗಳು. 13,000 ಎಕರೆ, 2,050 ಮೆಗಾವ್ಯಾಟ್. ತಿರುಮಣಿ, ವಳ್ಳೂರು ಸುತ್ತಿನ ಐದು ಹಳ್ಳಿಗಳ ರೈತರು ಜಮೀನು ಮಾರಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಲೆಕ್ಕದಲ್ಲಿ ಗುತ್ತಿಗೆ ಕೊಟ್ಟರು. 2018ರ ಮಾರ್ಚ್ 1ರಂದು ಉದ್ಘಾಟನೆ ಆಯ್ತು. ಮಳೆ ಕೈಕೊಟ್ಟ ಸೀಮೆಗೆ ಬಿಸಿಲೇ ಬೆಳೆ ಅಂತ ನಾವೂ ಹೆಡ್‌ಲೈನ್ ಕೊಟ್ವಿ.

ಒಳ್ಳೇದೇ. ಆದರೆ ವೀಕ್ಷಕರೇ, ಡ್ರೋನ್ ಇಳಿಸಿ ಯಾವುದಾದರೂ ಒಂದು ಮನೆಯೊಳಗೆ ಹೋಗಿ ನೋಡಿ. ಪಾವಗಡ ಇರಲಿ, ಶಿರಾ ಇರಲಿ, ಮಧುಗಿರಿ, ಕೊರಟಗೆರೆ ಇರಲಿ, ತಲೆ ಮೇಲೆ ತಿರುಗ್ತಿರೋದು ಬಹಳ ಕಡೆ ಅದೇ 75 ವ್ಯಾಟಿನ ಹಳೇ ಫ್ಯಾನು. ಕರೆಂಟ್ ತಯಾರಿಸೋದು ಸುದ್ದಿ. ಅದನ್ನ ಹಿತಮಿತವಾಗಿ ಬಳಸೋದು ಸುದ್ದಿಯೇ ಅಲ್ಲ. ಆದರೆ ಈ ಎರಡನೇ ಕೆಲಸಕ್ಕೂ ನಮ್ಮ ತುಮಕೂರು ಜಿಲ್ಲೆಯಲ್ಲಿ ಒಂದು ಇತಿಹಾಸ ಇದೆ. ಅದು ಶುರುವಾಗೋದು ಒಲೆಯಿಂದ.

ಮಧುಗಿರಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಮ್ಮಜ್ಜಿ ಮನೆ. ಬೇಸಿಗೆ ರಜಕ್ಕೆ ಹೋದರೆ ಅಡುಗೆ ಮನೆಯಲ್ಲಿ ಸಾಲಾಗಿ ಮೂರು ಬಾಯಿ ಇದ್ದ ಮಣ್ಣಿನ ಒಲೆ. ಮೊದಲನೇ ಬಾಯಿ ಮೇಲೆ ಮುದ್ದೆ, ಎರಡನೇದರ ಮೇಲೆ ಸಾರು, ಮೂರನೇದರಲ್ಲಿ ನೀರು. ಸೌದೆ ಹಾಕೋದು ಮಾತ್ರ ಒಂದೇ ಕಡೆ. ಹೊಗೆ ಪೈಪಿನಲ್ಲಿ ಮೇಲಕ್ಕೆ. "ಇದು ಅಸ್ತ್ರ ಒಲೆ ಕಣಪ್ಪ, ಬೆಂಗಳೂರಿನೋರು ಮಾಡಿದ್ದು" ಅಂತಿದ್ದರು ಅಜ್ಜಿ. ಅಸ್ತ್ರ ಅಂದರೆ ಬಿಲ್ಲು ಬಾಣ ಅಂತ ನಾನಂದುಕೊಂಡಿದ್ದೆ!

ಎಂಜಿನಿಯರಿಂಗ್ ಸೇರಿದ ಮೇಲೆ ಗೊತ್ತಾಯ್ತು. ಅಸ್ತ್ರ ಅನ್ನೋದು ಭಾರತೀಯ ವಿಜ್ಞಾನ ಸಂಸ್ಥೆಯ ಒಂದು ಘಟಕ. ಹಳ್ಳಿಗೆ ಹೊಂದೋ ತಂತ್ರಜ್ಞಾನ ಹುಡುಕಲಿಕ್ಕೆ ಅಂತ ಪ್ರೊ. ಅಮೂಲ್ಯ ರೆಡ್ಡಿ ಅವರು 1974ರಲ್ಲಿ ಶುರು ಮಾಡಿದ್ದು. ಅದರ ಗ್ರಾಮೀಣ ಕೇಂದ್ರ ಇದ್ದದ್ದು ನಮ್ಮದೇ ಜಿಲ್ಲೆಯ ಇನ್ನೊಂದು ತುದಿ, ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ. ಅಲ್ಲಿನ ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ ಲೆಕ್ಕ ಹಾಕಿದರು. ಎಷ್ಟು ಸೌದೆ, ಎಷ್ಟು ಸೀಮೆಎಣ್ಣೆ, ಎಷ್ಟು ಕರೆಂಟು? ಉತ್ತರ ಬಂತು: ಹಳ್ಳಿಯ ಇಂಧನದ ಬಹುಪಾಲು ಸೌದೆ, ಅದು ಹೋಗೋದು ಅಡುಗೆಗೆ ಮತ್ತು ಸ್ನಾನದ ನೀರಿಗೆ. ಹಳೇ ಒಲೆಯಲ್ಲಿ ಆ ಶಾಖದ ನೂರರಲ್ಲಿ ಹತ್ತು ಭಾಗ ಪಾತ್ರೆಗೆ ಸೇರಿದರೆ ಹೆಚ್ಚು. ಉಳಿದದ್ದು ಗೋಡೆಗೆ, ಗಾಳಿಗೆ, ಹೆಂಗಸರ ಎದೆಗೆ.

ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಮಾಡಿದ್ದು ಸರಳ ಕೆಲಸ. ಬೆಂಕಿಯನ್ನು ಮುಚ್ಚಿದ ಗೂಡಿನೊಳಗಿಟ್ಟರು. ಕೆಳಗೆ ಜಾಲರಿ ಇಟ್ಟು ಬೇಕಾದಷ್ಟೇ ಗಾಳಿ ಬಿಟ್ಟರು. ಹೊರಗೆ ಹೋಗೋ ಬಿಸಿ ಇನ್ನೂ ಎರಡು ಪಾತ್ರೆಗಳ ತಳ ಸವರಿಕೊಂಡೇ ಹೋಗಲಿ ಅಂತ ದಾರಿ ಮಾಡಿದರು. ಶಾಖದ ಉಪಯೋಗ ಶೇ 40ರ ಆಸುಪಾಸಿಗೆ ಏರಿತು. ಯಾವ ಕಂಪನಿಯೂ ಸ್ಟಾರ್ ಅಂಟಿಸದ ಕಾಲದಲ್ಲಿ ಅದು ಮಣ್ಣಿನ ಫೈವ್ ಸ್ಟಾರ್!

ಆದರೆ ಅಜ್ಜಿ ಒಲೆ ಏನಾಯ್ತು? ಗೋಡೆ ರಿಪೇರಿ ಮಾಡುವಾಗ ಪೈಪ್ ತೆಗೆದರು, ತಿರುಗಿ ಕೂರಿಸಲಿಲ್ಲ. ಹೊಗೆ ಒಳಕ್ಕೇ ಬಂತು. ಒಂದು ದಿನ ಅಜ್ಜಿ ಅದನ್ನು ಒಡೆದು ಮೂರು ಕಲ್ಲಿಟ್ಟರು. ಕೆಮ್ಮು ಮಾತ್ರ ಕೊನೆವರೆಗೂ ಹೋಗಲಿಲ್ಲ. ಆ ಒಲೆ ಸೋತಿದ್ದು ವಿಜ್ಞಾನದಲ್ಲಿ ಅಲ್ಲ. ಆಮೇಲೆ ಅದನ್ನ ಕೇಳೋರಿಲ್ಲದೆ ಸೋತಿದ್ದು.

ರೆಡ್ಡಿಯವರು ಒಲೆಗೇ ನಿಲ್ಲಲಿಲ್ಲ. 1980ರ ದಶಕದ ಕೊನೆಗೆ ನಮ್ಮ ರಾಜ್ಯ 2000ನೇ ಇಸವಿವರೆಗಿನ ವಿದ್ಯುತ್ ಯೋಜನೆ ಹಾಕಿಕೊಂಡಿತ್ತು. ಜನರಿಗೆ ಬೇಕಾಗಿರೋದು ಯೂನಿಟ್ ಅಲ್ಲ, ಬೆಳಕು, ಬಿಸಿನೀರು, ಹೊಲಕ್ಕೆ ನೀರು ಅಂತ ವಾದ ಮಾಡಿದರು. ಒಳ್ಳೆ ಬಲ್ಬು, ಒಳ್ಳೆ ಪಂಪು, ಸೋಲಾರ್ ವಾಟರ್ ಹೀಟರ್ ಕೊಟ್ಟರೆ ಆ ಯೋಜನೆಯ ಅರ್ಧಕ್ಕಿಂತ ಕಡಿಮೆ ವಿದ್ಯುತ್ತಿನಲ್ಲಿ ಕೆಲಸ ನಡೆಯುತ್ತೆ ಅಂತ ಅಂಕಿ ಸಮೇತ ತೋರಿಸಿದರು. 2006ರ ಮೇ 7ರಂದು ಅವರು ತೀರಿಕೊಂಡರು. ದೇಶದಲ್ಲಿ ಫ್ರಿಜ್ ಮೇಲೆ ಸ್ಟಾರ್ ಲೇಬಲ್ ಅಂಟಿಸೋ ಯೋಜನೆ ಶುರುವಾಗಿದ್ದೂ ಅದೇ ತಿಂಗಳು.

ಆಮೇಲೆ ಬದಲಾವಣೆ ಬಂದದ್ದು ನಿಜ. 2015ರಲ್ಲಿ ಉಜಾಲಾ ಯೋಜನೆ ಬಂತು, 60 ವ್ಯಾಟಿನ ಬುರುಡೆ ಬಲ್ಬಿನ ಜಾಗದಲ್ಲಿ 9 ವ್ಯಾಟಿನ ಎಲ್‌ಇಡಿ ಕೂತಿತು. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೂ ಸ್ಟಾರ್ ಕಡ್ಡಾಯ. ಬಿಎಲ್‌ಡಿಸಿ ಫ್ಯಾನು 30 ವ್ಯಾಟಿನಲ್ಲಿ ಅಷ್ಟೇ ಗಾಳಿ ಕೊಡುತ್ತೆ. ಸಣ್ಣ ಲೆಕ್ಕ ಮಾಡೋಣ. ಒಂದು ಲಕ್ಷ ಮನೆಯಲ್ಲಿ ಒಂದೊಂದು ಫ್ಯಾನ್ ಬದಲಾಯಿಸಿದರೆ, ಅವೆಲ್ಲ ಒಟ್ಟಿಗೆ ತಿರುಗುವಾಗ 4.5 ಮೆಗಾವ್ಯಾಟ್ ಉಳಿತಾಯ. ಪಾವಗಡದ ಲೆಕ್ಕದಲ್ಲಿ ಅದು ಹತ್ತಿರಹತ್ತಿರ 28 ಎಕರೆ ಫಲಕ. ಇನ್ನೊಂದು ಮಾತು, ಫ್ಯಾನ್ ಹೆಚ್ಚು ಬೇಕಾಗೋದು ರಾತ್ರಿ. ರಾತ್ರಿ ಪಾವಗಡದ ಫಲಕ ಮಲಗಿರುತ್ತೆ, ರಾಯಚೂರಿನಲ್ಲಿ ಕಲ್ಲಿದ್ದಲು ಉರೀತಿರುತ್ತೆ.

ಮೊನ್ನೆ ಊರಿಗೆ ಹೋದಾಗ ಮಾವ ಬಚ್ಚಲಲ್ಲಿ ಬಕೆಟ್ಟಿಗೆ ಹೀಟರ್ ರಾಡ್ ಇಳಿಬಿಟ್ಟಿದ್ದರು. "ಯಾಕೆ ಮಾವ, ಹಂಡೆ ಒಲೆ ಏನಾಯ್ತು?" ಅಂದೆ. "ಗೃಹಜ್ಯೋತಿ ಅಲ್ವೇನಪ್ಪ, ಬಿಲ್ಲು ಸೊನ್ನೆ" ಅಂದರು. ಸೌದೆ ಹೊಗೆ ತಪ್ಪಿದ್ದಕ್ಕೆ ಖುಷಿಯೇ. ಆದರೆ ಗೃಹಜ್ಯೋತಿ ಎಲ್ಲರಿಗೂ 200 ಯೂನಿಟ್ ಅಲ್ಲ. 2022-23ರಲ್ಲಿ ನೀವು ತಿಂಗಳಿಗೆ ಸರಾಸರಿ ಬಳಸಿದ್ದು, ಅದರ ಮೇಲೆ ಶೇ 10, ಅಷ್ಟೇ ಉಚಿತ ಅನ್ನೋದು ಯೋಜನೆ ಶುರುವಾದಾಗಿನ ಲೆಕ್ಕ. 1,500 ವ್ಯಾಟಿನ ರಾಡ್ ದಿನಕ್ಕೆ ಒಂದು ಗಂಟೆ ಓಡಿದರೆ ತಿಂಗಳಿಗೆ 45 ಯೂನಿಟ್. ಆ ಸರಾಸರಿಯಲ್ಲಿ ಮಾವನ ರಾಡ್ ಇರಲೇ ಇಲ್ಲ. ಹಿಂದಿನ ಬಿಲ್ ತೆಗೆದು ತೋರಿಸಿದೆ. ಮಾವ ಎರಡು ಸಲ ಓದಿ, ಎದ್ದು ಹೋಗಿ ಸ್ವಿಚ್ ಆರಿಸಿದರು.

ಅಷ್ಟು ಬಿಸಿಲಿರೋ ಊರಲ್ಲಿ ನೀರು ಕಾಯಿಸಲಿಕ್ಕೆ ಸೂರ್ಯ ಸಾಕು ಅಂತ ರೆಡ್ಡಿಯವರು ಲೆಕ್ಕ ಹಾಕಿ ಮೂರು ದಶಕದ ಮೇಲಾಯ್ತು. ಇಡೀ ತಾಲ್ಲೂಕಿನ ಬಿಸಿಲನ್ನ ಗ್ರಿಡ್ಡಿಗೆ ಮಾರೋದನ್ನ ಕಲಿತಿದ್ದೀವಿ. ನಮ್ಮ ಸೂರಿನ ಮೇಲೆ ಬೀಳೋ ಬಿಸಿಲಲ್ಲಿ ಎರಡು ಬಕೆಟ್ ನೀರು ಕಾಯಿಸೋದನ್ನ ಇನ್ನೂ ಕಲಿಬೇಕು. ಕಲಿತ ಮೇಲೆ, ಅಜ್ಜಿ ಒಲೆಯ ಪೈಪಿನ ಹಾಗೆ, ಅದನ್ನ ಕಿತ್ತುಹಾಕದೆ ನೋಡಿಕೊಳ್ಳೋದನ್ನೂ.