ಲಿವರ್ ಕ್ಯಾನ್ಸರ್ ಅಂದ್ರೆ ಕುಡಿತಾನೇನಾ? | ಊರು-ಕಾಯಿಲೆ-ಇತಿಹಾಸ, ಭಾಗ 3

ಭದ್ರಾವತಿಯ ನ್ಯೂಟೌನ್ ಇರಲಿ, ಶಿವಮೊಗ್ಗದ ದುರ್ಗಿಗುಡಿ ಇರಲಿ, ಯಾರಾದ್ರೂ ಲಿವರ್ ಕ್ಯಾನ್ಸರ್‌ನಿಂದ ತೀರಿಕೊಂಡ್ರೆ ಸಾವಿನ ಮನೆಯಲ್ಲಿ ಮೊದಲು ಪಿಸುಗುಟ್ಟೋ ಪ್ರಶ್ನೆ: "ಕುಡೀತಿದ್ರಾ?" ಒಂದು ತೊಟ್ಟೂ ಮುಟ್ಟದವರ ಹೆಂಡತಿ-ಮಕ್ಕಳೂ ಇದಕ್ಕೆ ತಲೆ ತಗ್ಗಿಸಬೇಕು. ಉತ್ತರ ಸಿಕ್ಕಿ ನಲವತ್ತು ವರ್ಷ ದಾಟಿದೆ, ನಮ್ಮೂರಿಗೆ ಮಾತ್ರ ಇನ್ನೂ ತಲುಪಿಲ್ಲ.

1960ರ ದಶಕ. ಅಮೆರಿಕದ ಬರೂಕ್ ಬ್ಲೂಮ್‌ಬರ್ಗ್ ಬೇರೆ ಬೇರೆ ದೇಶದ ಜನರ ರಕ್ತದಲ್ಲಿ ಏನು ವ್ಯತ್ಯಾಸ ಅಂತ ನೋಡ್ತಿದ್ರು. ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ವಿಚಿತ್ರ ಪ್ರೋಟೀನ್ ಒಂದು ಸಿಕ್ತು. 1965ರಲ್ಲಿ "ಆಸ್ಟ್ರೇಲಿಯಾ ಆ್ಯಂಟಿಜೆನ್" ಅಂತ ಪ್ರಕಟಿಸಿದ್ರು. ಅದು ಹೆಪಟೈಟಿಸ್ ಬಿ ವೈರಸ್‌ನ ಮೈಮೇಲಿನ ಪ್ರೋಟೀನ್ ಅಂತ ಗೊತ್ತಾಗಿದ್ದು ಆಮೇಲೆ. 1976ರಲ್ಲಿ ನೊಬೆಲ್.

ಈ ವೈರಸ್‌ಗೂ ಕ್ಯಾನ್ಸರ್‌ಗೂ ಇರೋ ನಂಟು ಗಟ್ಟಿಯಾಗಿ ಕಾಣಿಸಿದ್ದು ತೈವಾನ್‌ನಲ್ಲಿ. ಪಾಲ್ಮರ್ ಬೀಸ್ಲಿ ತಂಡ 22,707 ಗಂಡಸರನ್ನ ವರ್ಷಗಟ್ಟಲೆ ಗಮನಿಸಿತು. ನಮ್ಮ ವಿಐಎಸ್‌ಎಲ್ ಕ್ವಾರ್ಟರ್ಸ್‌ನವರ ಹಾಗೆ ಸರ್ಕಾರಿ ಸಂಬಳದ ಜನ. 1981ರಲ್ಲಿ ಬಂದ ಲೆಕ್ಕ: ವೈರಸ್ ಮೈಯಲ್ಲೇ ಮನೆ ಮಾಡಿದವರಿಗೆ ಲಿವರ್ ಕ್ಯಾನ್ಸರ್ ಅಪಾಯ, ಇಲ್ಲದವರಿಗಿಂತ 200 ಪಟ್ಟಿಗೂ ಹೆಚ್ಚು!

ಕುಡಿತಕ್ಕೆ ಕ್ಲೀನ್ ಚಿಟ್ ಕೊಡ್ತಿಲ್ಲ ಗುರು. ಅದೂ ಲಿವರ್ ಹಾಳುಮಾಡಿ ಕ್ಯಾನ್ಸರ್‌ಗೆ ದಾರಿ ಮಾಡುತ್ತೆ. ಹೆಪಟೈಟಿಸ್ ಸಿ, ಫ್ಯಾಟಿ ಲಿವರ್, ಬೂಷ್ಟು ಹಿಡಿದ ಕಡಲೆಕಾಯಿ-ಮೆಕ್ಕೆಜೋಳದಲ್ಲಿರೋ ಅಫ್ಲಾಟಾಕ್ಸಿನ್ ವಿಷ, ಇವೂ ಕಾರಣಗಳೇ.

ಇನ್ನೊಂದು ನಂಬಿಕೆ: ಕಾಮಾಲೆಗೆ ಸೊಪ್ಪಿನ ರಸ ಕುಡಿದ್ರೆ ಲಿವರ್ ಸರಿಹೋಯ್ತು ಅನ್ನೋದು. ಕೊಳಕು ನೀರಿಂದ ಬರೋ ಹೆಪಟೈಟಿಸ್ ಎ, ಇ ಹೆಚ್ಚಿನವರಲ್ಲಿ ತಾವಾಗೇ ವಾಸಿಯಾಗ್ತವೆ, ಹೆಸರು ರಸಕ್ಕೆ ಬರುತ್ತೆ. ಬಿ ಹಂಗಲ್ಲ. ಕಣ್ಣಿನ ಹಳದಿ ಹೋದ್ರೂ ವೈರಸ್ ಒಳಗೇ ಕೂತಿರಬಹುದು. ಎಷ್ಟೋ ಸಲ ಹಳದಿಯೇ ಬರಲ್ಲ. ದೊಡ್ಡವರಿಗೆ ತಗುಲಿದ್ರೆ 5%ಗಿಂತ ಕಡಿಮೆ ಜನರಲ್ಲಿ ಉಳಿಯುತ್ತೆ. ಹುಟ್ಟುವಾಗ ತಾಯಿಯಿಂದ ಬಂದ್ರೆ ಸುಮಾರು 90% ಮಕ್ಕಳಲ್ಲಿ ಉಳಿದೇಬಿಡುತ್ತೆ. ಅಂದ್ರೆ ಐವತ್ತರಲ್ಲಿ ಕಂಡ ಕ್ಯಾನ್ಸರ್‌ನ ಬೇರು ತೊಟ್ಟಿಲಲ್ಲಿ ಇರಬಹುದು. ಆ ತಾಯಿಗೂ ಗೊತ್ತಿರಲ್ಲ. (ಒಂದೇ ತಟ್ಟೇಲಿ ಉಂಡ್ರೆ ಇದು ಹರಡಲ್ಲ. ರಕ್ತ, ಸೂಜಿ, ಬ್ಲೇಡು, ಲೈಂಗಿಕ ಸಂಪರ್ಕದಿಂದ ಹರಡುತ್ತೆ.)

ತೈವಾನ್ 1984ರಲ್ಲಿ ಕೂಸುಗಳಿಗೆ ಲಸಿಕೆ ಶುರು ಮಾಡ್ತು. ಹತ್ತೇ ವರ್ಷದಲ್ಲಿ 6ರಿಂದ 14 ವಯಸ್ಸಿನ ಮಕ್ಕಳ ಲಿವರ್ ಕ್ಯಾನ್ಸರ್ ಹೆಚ್ಚುಕಮ್ಮಿ ಅರ್ಧಕ್ಕಿಳೀತು. ನಮ್ಮಲ್ಲಿ 1997ರಲ್ಲಿ ಹೈದರಾಬಾದ್‌ನ ಶಾಂತಾ ಬಯೋಟೆಕ್ನಿಕ್ಸ್ ಅಗ್ಗದ ಲಸಿಕೆ ತಂತು. ಸರ್ಕಾರದ ಉಚಿತ ಲಸಿಕೆಗಳ ಪಟ್ಟಿಗೆ ಇಡೀ ದೇಶದಲ್ಲಿ ಸೇರಿದ್ದು 2011ರಲ್ಲಿ. ನಮ್ಮ ಬ್ಯಾಚ್ ಹುಟ್ಟಿದ್ದು ಅದಕ್ಕೂ ಮುಂಚೆ! ಅಮ್ಮನ ಬೀರುವಿನಲ್ಲಿರೋ ಲಸಿಕೆ ಕಾರ್ಡ್ ತೆಗೆದು "ಹೆಪಟೈಟಿಸ್ ಬಿ" ಸಾಲು ನೋಡಿ, ಕನಿಷ್ಠ ಮೂರು ಡೋಸ್ ಇರಬೇಕು. ಇಲ್ಲದಿದ್ರೆ ಡಾಕ್ಟರ್ ಹತ್ರ ಒಂದು ರಕ್ತಪರೀಕ್ಷೆ ಕೇಳಿ. ವೈರಸ್ ಸಿಕ್ಕಿದ್ರೂ ಅದನ್ನ ಅದುಮಿಡೋ ಮಾತ್ರೆಗಳಿವೆ.

ನಂದು ನೋಡಿದೆ. ಎರಡೇ ಡೋಸ್. ಮೂರನೇದು ಸೋಮವಾರ.