ಎರಡು ಊರ ಹೆಸರುಗಳು ಮತ್ತು ಜಾಲತಾಣಗಳ ಪರೀಕ್ಷೆ

ಚಾಮರಾಜನಗರ, ಗುಂಡ್ಲುಪೇಟೆ ಎಂಬ ಎರಡು ಹೆಸರುಗಳು ಬೇರೆ ಬೇರೆ ಬ್ರೌಸರ್‌ಗಳಲ್ಲಿ ಹೇಗೆ ಮೂಡಿಬಂದುವೆಂಬುದನ್ನು ಪರಿಶೀಲಿಸಿದರೆ ಕನ್ನಡ ಜಾಲತಾಣಗಳ ಚರಿತ್ರೆಯ ಬಹುಭಾಗವು ತಿಳಿಯುವುದೆಂದು ನಾವು ಭಾವಿಸುತ್ತೇವೆ. ಮೊದಲನೆಯದು, 1818ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಅರಿಕುಠಾರಕ್ಕೆ ತಮ್ಮ ತಂದೆಯ ಹೆಸರನ್ನು ಇತ್ತುದರಿಂದ ಬಂದುದು, ಅದರಲ್ಲಿ ಒತ್ತಕ್ಷರವಿಲ್ಲ. ಎರಡನೆಯದರಲ್ಲಿ ‘ಡ್ಲು’ ಎಂಬ ಸಂಯುಕ್ತಾಕ್ಷರವೂ ‘ಪೇ’ ಎಂಬ ದೀರ್ಘವೂ ಇವೆ. ತೊಡಕೆಲ್ಲ ಅಲ್ಲಿಯೇ.

ಚಾಮರಾಜನಗರ ಜಿಲ್ಲೆಯು ರೂಪುಗೊಂಡ 1997ರಲ್ಲಿಯೇ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಮತ್ತು ನೆಟ್‌ಸ್ಕೇಪ್‌ಗಳ ನಾಲ್ಕನೆಯ ಆವೃತ್ತಿಗಳು ಹೊರಬಂದುವು. ಅಂದಿನ ಕನ್ನಡ ಪುಟಗಳಲ್ಲಿ ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟುಗಳು ಬಳಕೆಯಲ್ಲಿದ್ದುವು. ಪುಟದೊಡನೆ ಫಾಂಟನ್ನೂ ಕಳುಹಿಸಬೇಕಾದರೆ ಒಂದು ಬ್ರೌಸರಿಗೆ ಒಂದು ಬಗೆಯ ಕಡತ, ಇನ್ನೊಂದಕ್ಕೆ ಮತ್ತೊಂದು. ಫಾಂಟು ದೊರೆಯದ ಓದುಗನಿಗೆ ಕಂಡದ್ದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಎರಡರಲ್ಲಿಯೂ ಪುಟವನ್ನು ತೆರೆದು ಕಣ್ಣಾರೆ ನೋಡುವುದಲ್ಲದೆ ಪರೀಕ್ಷೆಗೆ ಬೇರೆ ದಾರಿಯಿರಲಿಲ್ಲ.

ಯೂನಿಕೋಡ್ ಸಂಕೇತವು 1991ರಲ್ಲಿಯೇ ಕನ್ನಡಕ್ಕೆ ಸ್ಥಾನವನ್ನಿತ್ತಿದ್ದರೂ ವಿಂಡೋಸಿನಲ್ಲಿ ಅದರ ಫಲವು ದೊರೆತುದು 2001ರ ಎಕ್ಸ್‌ಪಿ ಆವೃತ್ತಿಯಿಂದ. ಇಲ್ಲಿ ಅಕ್ಷರಗಳು ಉಚ್ಚಾರಣೆಯ ಕ್ರಮದಲ್ಲಿ ಶೇಖರವಾಗುತ್ತವೆ. ಡಕಾರದ ಅಡಿಗೆ ಲಕಾರದ ಒತ್ತನ್ನು ತರುವ ಕೆಲಸ ಯಂತ್ರದ ಕಾರ್ಯವ್ಯವಸ್ಥೆಯದು ಅಥವಾ ಬ್ರೌಸರಿನದು. ಆ ವಿದ್ಯೆಯನ್ನರಿಯದ ಯಂತ್ರದಲ್ಲಿ ‘ಗುಂಡ್‌ಲುಪೇಟೆ’ ಎಂದು ಒತ್ತು ಬಿಡಿಯಾಗಿ ನಿಲ್ಲುತ್ತಿತ್ತು. ಆಂಡ್ರಾಯ್ಡ್ ಫೋನುಗಳಿಗೆ ಕನ್ನಡದ ಬೆಂಬಲವು ಸೇರಿದುದು 2012ರ 4.1ನೆಯ ಆವೃತ್ತಿಯಲ್ಲಿ. ಅಲ್ಲಿಯವರೆಗೆ ಕಚೇರಿಯ ಗಣಕದಲ್ಲಿ ಸರಿಯೆನಿಸಿದ ಪುಟವು ಕೈಯ ಫೋನಿನಲ್ಲಿ ಕೆಡುವುದು ಸಾಮಾನ್ಯವಾಗಿತ್ತು.

ಇದಕ್ಕಿಂತ ಸೂಕ್ಷ್ಮವಾದುದು ‘ಪೇ’ ಅಕ್ಷರದ ಸಮಸ್ಯೆ. ಏತ್ವವನ್ನು ಒಂದೇ ಸಂಕೇತವಾಗಿಯೂ, ಎತ್ವ ಮತ್ತು ದೀರ್ಘಗಳೆಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಭೇದವಿಲ್ಲ, ಇವೆರಡೂ ಸಮಾನವೆಂದೇ ಯೂನಿಕೋಡಿನ ನಿಯಮ. ಆದರೆ ಎರಡನ್ನೂ ಒಂದು ರೂಪಕ್ಕೆ ತಾರದೆ ಹೋಲಿಸುವ ತಂತ್ರಾಂಶಕ್ಕೆ ಅವು ಬೇರೆ ಊರುಗಳು! ಅಂಥ ತಾಣದಲ್ಲಿ ಗುಂಡ್ಲುಪೇಟೆಯ ರೈತನು ತನ್ನ ಜಮೀನಿನ ದಾಖಲೆಯನ್ನು ಊರ ಹೆಸರಿನಿಂದ ಹುಡುಕಿದರೆ, ಇರುವ ದಾಖಲೆಯೂ ಇಲ್ಲವೆಂಬ ಉತ್ತರವೇ ಬಂದೀತು. ಕಣ್ಣಿನ ಪರೀಕ್ಷೆಯು ಇದನ್ನು ಹಿಡಿಯಲಾರದು, ಹುಡುಕಿಯೇ ನೋಡತಕ್ಕದ್ದು.

ಈಗ ಕ್ರೋಮ್, ಫೈರ್‌ಫಾಕ್ಸ್‌ಗಳೆರಡೂ ಒತ್ತಕ್ಷರಗಳ ಜೋಡಣೆಗೆ ಹಾರ್ಫ್‌ಬಝ್ ಎಂಬ ಒಂದೇ ತಂತ್ರಾಂಶವನ್ನು ಬಳಸುತ್ತವೆ. ಸಫಾರಿಯು ಆಪಲ್ ಸಂಸ್ಥೆಯ ಸ್ವಂತ ವ್ಯವಸ್ಥೆಯನ್ನು ಅವಲಂಬಿಸಿದೆ. ಆದುದರಿಂದ ಮೊದಲೆರಡರಲ್ಲಿ ಮಾತ್ರ ನಡೆಸಿದ ಪರೀಕ್ಷೆಯನ್ನು, ಒತ್ತಕ್ಷರಗಳ ಮಟ್ಟಿಗೆ, ಎರಡು ಪರೀಕ್ಷೆಗಳೆಂದು ಗಣಿಸುವುದು ಸರಿಯಲ್ಲ.